ಮೊದಲೇ ಕರಗಿದ ಪುಡಿ

ನಮ್ಮತ್ತೆ ಔಷಧಿ ಕಾರ್ಖಾನೆಯೊಂದರ ಪರೀಕ್ಷಾ ಕೋಣೆಯಲ್ಲಿದ್ದವರು. ಕಡ್ಡಿಯಷ್ಟು ತೆಳ್ಳಗಿನ ಗಾಜಿನ ಕೊಳವೆಗೆ ಚೂರು ಪುಡಿ ತುಂಬಿ, ಕಾಯುವ ಎಣ್ಣೆಯಲ್ಲಿಳಿಸಿ, ಎಷ್ಟು ಡಿಗ್ರಿಗೆ ಕರಗುತ್ತದೆಂದು ಬರೆದಿಡುವುದು ಅವರ ಕೆಲಸ. ಶುದ್ಧ ಪುಡಿ ತನ್ನ ಡಿಗ್ರಿ ಬಂದೊಡನೆ ಒಮ್ಮೆಲೇ ಕರಗುತ್ತದೆ. ಬೇರೇನಾದರೂ ಬೆರೆತಿದ್ದರೆ ಮೊದಲೇ ಬೆವತು, ತಡವರಿಸುತ್ತಾ ಕರಗುತ್ತದೆ.

ಒಮ್ಮೆ ಮಕ್ಕಳ ಜ್ವರದ ಔಷಧಿಯ ಪುಡಿ ಮೂರು ಡಿಗ್ರಿ ಮೊದಲೇ ಕರಗತೊಡಗಿತು. ಹೊರಗೆ ಲಾರಿ ಕಾಯುತ್ತಿತ್ತು.

"ಉರಿ ಸ್ವಲ್ಪ ಜೋರು ಮಾಡಿ ಅಕ್ಕ, ಅಂಕಿ ತಾನಾಗೇ ಮೇಲೆ ಬರುತ್ತೆ," ಎಂದರು ಮೇಲಧಿಕಾರಿ.

"ಬರುತ್ತೆ ಸಾರ್. ಮಾಪಕ ಇರೋದು ಎಣ್ಣೆಯಲ್ಲಿ; ಎಣ್ಣೆ ಬೇಗ ಕಾಯುತ್ತೆ, ಪುಡಿ ಹಿಂದೆ ಬೀಳುತ್ತೆ. ಆ ಸುಳ್ಳು ಅಂಕಿಗೆ ನೀವೇ ಸಹಿ ಹಾಕಿ."

"ಭಾರಿ ನ್ಯಾಯಾಧೀಶರು ನೀವು!"

ಸಹಿ ಹಾಕಲು ಮೇಲಧಿಕಾರಿಗೂ ಕೈ ಬರಲಿಲ್ಲ. ಲಾರಿ ಖಾಲಿ ಹೋಯಿತು. ಮರುವಾರವೇ ಅತ್ತೆಯನ್ನು ಬಾಟಲಿಗೆ ಚೀಟಿ ಅಂಟಿಸುವ ಕಡೆಗೆ ಹಾಕಿದರು. ನಿವೃತ್ತಿಯವರೆಗೂ ಅಲ್ಲೇ ಇದ್ದರು.

ಮಗಳ ಮೈ ಸ್ವಲ್ಪ ಬಿಸಿಯಾದರೂ ನಾನು ಔಷಧಿ ಹಿಡಿದು ಅವರ ಬಳಿಗೆ ಓಡುತ್ತೇನೆ. "ಇದು ಸರಿಯಿದೆಯಾ ಅತ್ತೆ?"

"ಬಾಟಲಿ ನೋಡಿ ಹೇಳೋಕಾಗಲ್ಲಮ್ಮ. ಅಲ್ಲಿ ಕೂತು ನೋಡಿದವರನ್ನ ನಂಬಬೇಕು, ಅಷ್ಟೇ."

ಅವರ ಮುಖ ನೋಡುತ್ತಾ ಚಮಚಕ್ಕೆ ಸುರಿಯುತ್ತೇನೆ.