ಗಾಡಿ ನಿಂತ ಜಾಗಕ್ಕೇ ಹೋಗುವ ಕೊಗ್ಗಣ್ಣ

ಶುಕ್ರವಾರ ಬೆಳಗಿನ ಐದೂವರೆ. ಮೆಕ್ಯಾನಿಕ್ ಕೊಗ್ಗಣ್ಣ ಪಿಕಪ್ ಓಡಿಸುತ್ತಿದ್ದಾರೆ, ಅದು ಯಾವಾಗ ಕೆಟ್ಟು ನಿಲ್ಲುತ್ತದೋ ಎಂದು ಕಾಯುತ್ತಲೂ ಇದ್ದಾರೆ. ದಾರಿಯಲ್ಲಿ ಕೈಕೊಡಬೇಡಪ್ಪಾ ಎಂದು ಗಾಡಿಯನ್ನು ಬೇಡಿಕೊಳ್ಳುವವರನ್ನು ಬೇಕಾದಷ್ಟು ಕಂಡಿದ್ದೇನೆ. ಒಮ್ಮೆ ನಿಲ್ಲು ಮಾರಾಯಾ ಎಂದು ಡ್ಯಾಶ್‌ಬೋರ್ಡ್ ತಟ್ಟುವವರನ್ನು ಕಂಡದ್ದು ಇದೇ ಮೊದಲು. ಕೊಲ್ಲಿ ದೇಶದ ಈ ಸಹಮ್ ಪೇಟೆಯ ದೀಪಗಳು ಹಿಂದೆ ಉಳಿದಿವೆ, ಖರ್ಜೂರದ ತೋಟಗಳೂ ಮುಗಿದಿವೆ. ಮುಂದೆ ಗುಡ್ಡದ ಕಡೆಗೆ ಹೋಗುವ ಬೋಳು ರಸ್ತೆ.

ಮುಂಗಾಜಿನ ಹೊರಗೆ ಒಂದು ಪಾರದರ್ಶಕ ಪೈಪನ್ನು ಟೇಪು ಹಚ್ಚಿ ಅಂಟಿಸಿದ್ದಾರೆ. ಟ್ಯಾಂಕಿನಿಂದ ಎಂಜಿನ್ನಿಗೆ ಹೋಗುವ ಡೀಸೆಲ್ ಈಗ ಬಾನೆಟ್ ಹತ್ತಿ, ನಮ್ಮ ಕಣ್ಣೆದುರೇ ಹಾದು, ಮತ್ತೆ ಕೆಳಗಿಳಿಯುತ್ತದೆ. ಅದರ ಮೇಲೆ ಟಾರ್ಚ್ ಹಿಡಿಯುವುದು, ಕೊಗ್ಗಣ್ಣನ ಬಗ್ಗೆ ಬರೆಯಲು ಜೊತೆಗೆ ಬಂದ ನನಗೆ ವಹಿಸಿದ ಕೆಲಸ. “ಗುಳ್ಳೆ ಬಂದರೆ ಎಲ್ಲಿಯೋ ಗಾಳಿ ಎಳೀತಾ ಉಂಟು ಅಂತ ಲೆಕ್ಕ. ಪೈಪು ಚಪ್ಪಟೆಯಾದರೆ ಹಿಂದೆ ಟ್ಯಾಂಕಿನಲ್ಲೇ ಎಂತದೋ ಅಡ್ಡ ಕೂತಿದೆ ಅಂತ. ಎರಡೂ ಆಗದೆ ನಿಂತರೆ ನನ್ನ ವಿದ್ಯೆ ಖಲಾಸ್. ಪಾದ್ರಿಗಳನ್ನು ಕರೀಬೇಕು,” ಎಂದು ಕೊಗ್ಗಣ್ಣ ನಗುತ್ತಾರೆ. ನಮ್ಮಿಬ್ಬರ ನಡುವೆ ಕೂತ ಕಾರ್ಮಿನ್ ಬಾಯಿಯವರು ನಗುವುದಿಲ್ಲ.

ಅವರು ನಗದಿರುವುದಕ್ಕೆ ಕಾರಣವಿದೆ. ಉಡುಪಿ ಕಡೆಯ ಶಿರ್ವದ ಕಾರ್ಮಿನ್ ಸಹಮ್‌ನ ಒಂದು ಕ್ಯಾಂಟೀನಿನಲ್ಲಿ ಅಡುಗೆಯವರು. ಗಂಡ ಸ್ಟ್ಯಾನ್ಲಿ ಇದೇ ಇಪ್ಪತ್ತೊಂದು ವರ್ಷ ಹಳೆಯ ಡೀಸೆಲ್ ಪಿಕಪ್ಪಿನಲ್ಲಿ ಗುಡ್ಡದಾಚೆಯ ಲೇಬರ್ ಕ್ಯಾಂಪಿಗೆ ದಿನಾ ತಿಂಡಿ ಒಯ್ಯುತ್ತಿದ್ದರು. ಕಳೆದ ವರ್ಷ, 2016ರ ಆಗಸ್ಟಿನ ಒಂದು ಬೆಳಗ್ಗೆ, ಈ ರಸ್ತೆಯಲ್ಲಿ ಗಾಡಿ ನಿಂತಿತು. ಸ್ಟ್ಯಾನ್ಲಿ ಬಾನೆಟ್ ಎತ್ತಿ, ಫಿಲ್ಟರಿನ ಮೇಲಿರುವ ಕೈಪಂಪನ್ನು ಒತ್ತುತ್ತ ಒತ್ತುತ್ತ ಅಲ್ಲೇ ಕುಸಿದರು. ಆಡು ಮೇಯಿಸುವವನೊಬ್ಬ ನೋಡುವಾಗ ಉಸಿರಿರಲಿಲ್ಲ. ಹೃದಯಾಘಾತ ಎಂದರು ಡಾಕ್ಟರು. ಆಮೇಲೆ ಬಂದ ಪೊಲೀಸರು ಸುಮ್ಮನೆ ಕೀಲಿ ತಿರುಗಿಸಿ ನೋಡಿದರೆ, ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

ಆ ಒಂದು ಮಾತು ಊರೆಲ್ಲ ಸುತ್ತಿತು. ಆರು ತಿಂಗಳು ಪಿಕಪ್ ಕ್ಯಾಂಟೀನಿನ ಒಡೆಯನಾದ ಕಫೀಲನ ಅಂಗಳದಲ್ಲಿ ಧೂಳು ತಿಂದಿತು. ತೈಲದ ಬೆಲೆ ಬಿದ್ದು ಕಂಪನಿಗಳೆಲ್ಲ ಕೈ ಬಿಗಿಹಿಡಿದ ಕಾಲ ಇದು. ಅಷ್ಟು ದಿನ ಓಡಿಸಿದ ಬಾಡಿಗೆ ವಾಹನದ ಖರ್ಚು ಇನ್ನು ಬೇಡ ಎಂದ ಕಫೀಲ ಮೂರು ವಾರದ ಹಿಂದೆ ಇದನ್ನೇ ಹೊರತೆಗೆಸಿದ. ಒಬ್ಬರ ಹಿಂದೆ ಒಬ್ಬರಂತೆ ಇಬ್ಬರು ಡ್ರೈವರುಗಳು ಕೀಲಿ ಕೊಟ್ಟು ಹೋದರು. ಸ್ಟ್ಯಾನ್ಲಿ ಸತ್ತ ಜಾಗದಲ್ಲೇ ಗಾಡಿ ನಿಲ್ಲುತ್ತದೆ, ಸ್ವಲ್ಪ ಹೊತ್ತು ಬಿಟ್ಟು ತಾನೇ ಸರಿಯಾಗುತ್ತದೆ ಎಂಬುದು ಇಬ್ಬರದೂ ದೂರು. ಕೊನೆಗೆ ಕಾರ್ಮಿನ್ ತಾವೇ ಸ್ಟಿಯರಿಂಗ್ ಹಿಡಿದರು. ಅವರಿಗೂ ಎರಡು ಸಲ ನಿಂತಿತು.

ಇನ್ನೊಂದು ಸಲ ತಿಂಡಿ ತಡವಾದರೆ ಬೇರೆ ಕ್ಯಾಂಟೀನು ನೋಡಿಕೊಳ್ಳುತ್ತೇವೆ ಎಂದು ಕ್ಯಾಂಪಿನ ಸೂಪರ್‌ವೈಸರ್ ಹೇಳಿಯಾಗಿದೆ. ಕಾರ್ಮಿನ್ ಅವರ ಅಡುಗೆಮನೆಗೆ ಉಳಿದಿರುವುದು ಈ ನೂರ ಹದಿನೆಂಟು ಮಂದಿಯ ತಿಂಡಿಯೊಂದೇ. ಅದು ಹೋದರೆ ಕ್ಯಾಂಟೀನಿಗೆ ಬೀಗ, ಕಾರ್ಮಿನ್‌ಗೆ ಊರಿನ ಟಿಕೆಟ್ಟು, ಮಂಗಳೂರಿನಲ್ಲಿ ಮಗಳು ಜೆನಿಟಾಳ ನರ್ಸಿಂಗ್ ಓದು ಅರ್ಧಕ್ಕೆ. ಇಂದು ಕ್ಯಾಂಪಿಗೆ ರಜೆ. ನಾಳೆ ಬೆಳಗ್ಗೆ ಆರಕ್ಕೆ ತಿಂಡಿ ತಲುಪಲೇಬೇಕು. ಅವರನ್ನು ಕೊರೆಯುವುದು ಅದಷ್ಟೇ ಅಲ್ಲ. “ಸತ್ತ ಮೇಲೆ ನಮ್ಮ ಅನ್ನ ನಿಲ್ಲಿಸುವ ಮನಸ್ಸು ಸ್ಟ್ಯಾನ್ಲಿಗೆ ಯಾಕೆ ಬಂತು ಕೊಗ್ಗಣ್ಣ? ನನಗೆ ಅದು ಗೊತ್ತಾಗ್ಬೇಕು,” ಎನ್ನುತ್ತಾರೆ.

ಕೊಗ್ಗಣ್ಣ ಗೇರು ಇಳಿಸುತ್ತಾರೆ. ಏರು ಶುರುವಾಗುತ್ತಿದೆ. ಹಿಂದೆ ನೂರ ಹದಿನೆಂಟು ತಿಂಡಿಯಷ್ಟೇ ತೂಕದ ನೀರಿನ ಕ್ಯಾನುಗಳಿವೆ, ಟ್ಯಾಂಕಿನಲ್ಲಿ ಸರಿಯಾಗಿ ಅರ್ಧ ಡೀಸೆಲ್. ಎಲ್ಲವೂ ಗಾಡಿ ನಿಂತ ದಿನ ಹೇಗಿತ್ತೋ ಹಾಗೆಯೇ ಇರಬೇಕು, ಇದು ಅವರ ಪದ್ಧತಿ. ಎಡಕ್ಕೆ, ಜನ ಬಿಟ್ಟುಹೋದ ಇನ್ನೊಂದು ಖಾಲಿ ಕ್ಯಾಂಪು ಕಾಣಿಸುತ್ತದೆ. ಎಂಜಿನ್ ಒಮ್ಮೆ ತಡವರಿಸುತ್ತದೆ. ಟಾರ್ಚಿನ ಬೆಳಕಿನಲ್ಲಿ, ನನ್ನ ಕಣ್ಣೆದುರೇ, ಪೈಪು ಒಳಕ್ಕೆ ಹೀರಿಕೊಂಡು ಮೆಲ್ಲಗೆ ಚಪ್ಪಟೆಯಾಗುತ್ತದೆ. ಗಾಡಿ ನಾಲ್ಕು ಸಲ ಎಗರಿ ನಿಂತುಬಿಡುತ್ತದೆ. ಕಾರ್ಮಿನ್ ಬಾಯಿ ಶಿಲುಬೆಯ ಗುರುತು ಮಾಡಿಕೊಳ್ಳುತ್ತಾರೆ. ಕೊಗ್ಗಣ್ಣ ಮಾತ್ರ ಗಡಿಯಾರ ನೋಡುತ್ತಾರೆ. “ಐದು ನಲವತ್ತಾರು. ಯಾರೂ ಕೀಲಿ ಮುಟ್ಟುವುದು ಬೇಡ.”

ರಾಜಧಾನಿಯ ಮದೀನತ್ ಸುಲ್ತಾನ್ ಖಾಬೂಸ್‌ನ ಎ.ಸಿ. ಫ್ಲ್ಯಾಟಿನಿಂದ ಎದ್ದು ಬಂದ ನನಗೆ ಈ ಬಗೆಯ ಮೌನದ ಅಭ್ಯಾಸವಿಲ್ಲ. ಕ್ಯಾಂಪಿನಲ್ಲಿ ನಲವತ್ತು ಕೋಣೆಗಳಿವೆ, ಒಂದರಲ್ಲೂ ಮನುಷ್ಯರಿಲ್ಲ. ಕಂಪನಿ ಎದ್ದು ಹೋಗಿ ಒಂದೂವರೆ ವರ್ಷವಾದರೂ ತಂತಿಯ ಮೇಲೆ ಒಂದು ನೀಲಿ ಅಂಗಿ ಹಾಗೆಯೇ ಇದೆ. ಗಾಳಿ ಇಲ್ಲ ಎಂದುಕೊಳ್ಳುತ್ತೇನೆ, ಅಂಗಿಯ ತೋಳು ಅಲ್ಲಾಡುತ್ತದೆ. ಒಳಗೆಲ್ಲೋ ಬಾಗಿಲೊಂದು ಬಡಿದು, ಸ್ವಲ್ಪ ಬಿಟ್ಟು ಮತ್ತೆ ಬಡಿಯುತ್ತದೆ. ನನಗೆ ಭಯವಾಗಿದೆ ಎಂದು ಒಪ್ಪಿಕೊಳ್ಳುವುದೇ ವಾಸಿ.

ಕಾಯುವ ಹೊತ್ತಿನಲ್ಲಿ ಕೊಗ್ಗಣ್ಣ ತಮ್ಮ ಕಥೆ ಹೇಳುತ್ತಾರೆ. ಕಿನ್ನಿಗೋಳಿಯವರು, ವಯಸ್ಸು ಐವತ್ತೆಂಟು. ಹದಿನಾರಕ್ಕೇ ಮಂಗಳೂರಿನ ಒಂದು ಡೀಸೆಲ್ ಪಂಪ್ ರಿಪೇರಿ ಅಂಗಡಿಯಲ್ಲಿ ಸೀಮೆಎಣ್ಣೆಯಲ್ಲಿ ನಾಝಲ್ ತೊಳೆಯುವ ಕೆಲಸಕ್ಕೆ ಸೇರಿದವರು, 1989ರಲ್ಲಿ ಇಲ್ಲಿಗೆ ಬಂದರು. ಸಹಮ್‌ನ ಗ್ಯಾರೇಜುಗಳ ಬೀದಿಯಲ್ಲಿ ಹದಿನಾಲ್ಕು ಶೆಡ್ಡುಗಳಿವೆ, ಈಗ ಬಾಗಿಲು ತೆರೆಯುವುದು ಐದು. ದಿನಕ್ಕೆ ಎಂಟು ಹತ್ತು ಗಾಡಿ ನೋಡುತ್ತಿದ್ದವರಿಗೆ ಈಗ ಎರಡು ಬಂದರೆ ಹೆಚ್ಚು. ಬೀದಿಯುದ್ದಕ್ಕೂ ಊರಿಗೆ ಹೋದವರ ವಾಹನಗಳು ಟೈರು ಕುಸಿದು ನಿಂತಿವೆ. ಒಂದರ ಗಾಜಿನ ಧೂಳಿನ ಮೇಲೆ ಯಾರೋ ಬೆರಳಿನಲ್ಲಿ ಹಿಂದಿಯಲ್ಲಿ ‘ಬರ್ತೀನಿ’ ಎಂದು ಬರೆದಿದ್ದಾರೆ. ಅದನ್ನು ಒರೆಸಲು ಕೊಗ್ಗಣ್ಣನಿಗೆ ಮನಸ್ಸಾಗಿಲ್ಲವಂತೆ.

ದಿನವಿಡೀ ಗಾಡಿಯ ಅಡಿಯಲ್ಲಿ ಮಲಗಿರುವ ಇವರ ಮುಖಕ್ಕಿಂತ ಕಾಲುಗಳೇ ಗಿರಾಕಿಗಳಿಗೆ ಹೆಚ್ಚು ಪರಿಚಯ. ಆದರೂ ರುಸ್ತಾಕ್‌ನಷ್ಟು ದೂರದಿಂದ ಹಳೆಯ ಡೀಸೆಲ್ ಗಾಡಿಗಳನ್ನು ಇವರಲ್ಲಿಗೆ ಎಳೆದು ತರುತ್ತಾರೆ. “ಎಂತ ಆಗಿದೆ ಅಂತ ನಾನು ಕೇಳುವುದಿಲ್ಲ. ಎಲ್ಲಿ ನಿಂತದ್ದು, ಎಷ್ಟು ಹೊತ್ತಿಗೆ, ಎಷ್ಟು ಭಾರ ಇತ್ತು, ಅದನ್ನು ಕೇಳ್ತೇನೆ. ಆಮೇಲೆ ಅಲ್ಲಿಗೇ ಹೋಗುವುದು. ಶೆಡ್ಡಿನಲ್ಲಿ ಎಲ್ಲ ಗಾಡಿಯೂ ಒಳ್ಳೆಯದೇ ಮಾರಾಯ್ರೆ,” ಎನ್ನುತ್ತಾರೆ. ಎಷ್ಟು ವರ್ಷದಿಂದ ಹೀಗೆ ಹೋಗುತ್ತೀರಿ ಎಂದು ಕೇಳುತ್ತೇನೆ. “ಕಳೆದ ಆಗಸ್ಟಿನಿಂದ” ಎನ್ನುತ್ತಾರೆ.

ಅಷ್ಟರಲ್ಲಿ ಗಾಡಿಯ ಹೊಟ್ಟೆಯಲ್ಲಿ ಗುಳಕ್ ಎಂದು ಸದ್ದಾಗುತ್ತದೆ. ಮೂವರೂ ಕೇಳಿಸಿಕೊಳ್ಳುತ್ತೇವೆ. ಕೀಲಿ ಮುಟ್ಟಿದವರಿಲ್ಲ, ಎಂಜಿನ್ ನಿಂತೇ ಇದೆ. ಆದರೂ ಗಾಜಿನ ಮೇಲಿನ ಪೈಪು ಮೆಲ್ಲಗೆ ಉಬ್ಬಿಕೊಂಡು, ಅದರೊಳಗೆ ಡೀಸೆಲ್ ತಾನಾಗಿ ಏರುತ್ತದೆ. “ಇಪ್ಪತ್ತೊಂದು ನಿಮಿಷ. ಹಿಡಿದದ್ದನ್ನು ಬಿಟ್ಟಿತು,” ಎಂದು ಕೊಗ್ಗಣ್ಣ ಕೀಲಿ ತಿರುಗಿಸುತ್ತಾರೆ. ಪೊಲೀಸರಿಗೆ ಆದಂತೆ ಅವರಿಗೂ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ.

ಶೆಡ್ಡಿಗೆ ಮರಳಿ ಅವರು ಟ್ಯಾಂಕನ್ನೇ ಕೆಳಗಿಳಿಸುತ್ತಾರೆ. ಡೀಸೆಲ್ ಹೀರುವ ಕೊಳವೆಯ ಬಾಯಿಗಿದ್ದ ಜಾಲರಿ ಎಂದೋ ಉದುರಿಹೋಗಿದೆ. ಕೊಕ್ಕೆ ಮಾಡಿದ ತಂತಿಯನ್ನು ಒಳಗೆ ಬಿಟ್ಟು ಅತ್ತ ಇತ್ತ ಆಡಿಸಿ, ಕಪ್ಪಾದ ಲೋಳೆಯಂಥದ್ದೊಂದನ್ನು ಹೊರಗೆಳೆಯುತ್ತಾರೆ. ಮೂರು ನೀರಿನಲ್ಲಿ ತೊಳೆದ ಮೇಲೆ ಅದೊಂದು ಚೌಕದ ಬಟ್ಟೆ ಎಂದು ಗೊತ್ತಾಗುತ್ತದೆ. ಏರಿನಲ್ಲಿ, ಭಾರ ಎಳೆಯುವಾಗ, ಎಂಜಿನ್ ಜೋರಾಗಿ ಹೀರುತ್ತದೆ. ಬಟ್ಟೆ ಬಂದು ಕೊಳವೆಯ ಬಾಯಿ ಮುಚ್ಚುತ್ತದೆ. ನಿಂತ ಸ್ವಲ್ಪ ಹೊತ್ತಿಗೆ ಎಳೆತ ಇಳಿದು ಬಟ್ಟೆ ಕಳಚಿಕೊಳ್ಳುತ್ತದೆ. ಇಷ್ಟೇ ವಿಷಯ.

ಇಷ್ಟೇ ಎಂದು ನಾನು ಬರೆದುಕೊಳ್ಳುತ್ತಿರುವಾಗ ಕಾರ್ಮಿನ್ ಬಾಯಿ ಬಟ್ಟೆಯನ್ನು ಕೈಗೆ ತೆಗೆದುಕೊಳ್ಳುತ್ತಾರೆ. ಅಂಚಿನಲ್ಲಿ ಕೆಂಪು ದಾರದ ಹೊಲಿಗೆ ಇನ್ನೂ ಉಳಿದಿದೆ. “ಇದು ನನ್ನ ಕಾಯಿಹಾಲು ಸೋಸುವ ಬಟ್ಟೆ,” ಎನ್ನುತ್ತಾರೆ. 2016ರ ಹೊಸ ವರ್ಷದಿಂದ ಡೀಸೆಲ್ ದುಬಾರಿಯಾಗುತ್ತದೆ ಎಂಬ ಸುದ್ದಿ ಬಂದಾಗ ಸ್ಟ್ಯಾನ್ಲಿ ಒಂದು ಹಳೆಯ ಡ್ರಮ್ಮಿನಲ್ಲಿ ತುಂಬಿಸಿಟ್ಟಿದ್ದರು. ಅದರ ತುಕ್ಕು ಸೋಸಲು ಲಾಳಿಕೆಗೆ ಈ ಬಟ್ಟೆ ಕಟ್ಟಿರಬೇಕು, ಅದು ಜಾರಿ ಟ್ಯಾಂಕಿನೊಳಕ್ಕೆ ಬಿದ್ದಿದೆ. “ಬಟ್ಟೆ ಎಲ್ಲಿ ಅಂತ ನಾನು ಎರಡು ದಿನ ಜಗಳ ಮಾಡಿದೆ. ನಾನು ಮುಟ್ಟಲೇ ಇಲ್ಲ ಅಂತ ಆಣೆ ಹಾಕಿದ್ರು, ಕಳ್ಳ!” ಎಂದು ನಗುತ್ತಾರೆ, ನಗುತ್ತಲೇ ಸ್ಟೂಲಿನ ಮೇಲೆ ಕೂತು ಅಳುತ್ತಾರೆ. ಕಣ್ಣೊರೆಸಿಕೊಂಡು ಒಂದು ಪ್ರಶ್ನೆ ಕೇಳುತ್ತಾರೆ. “ಹಾಗಾದ್ರೆ ಇಷ್ಟು ದಿನ ನಿಲ್ಲಿಸಿದ್ದು ಸ್ಟ್ಯಾನ್ಲಿಯೇ ಅಲ್ವಾ?” ಕೊಗ್ಗಣ್ಣ ಟ್ಯಾಂಕಿಗೆ ಹೊಸ ಜಾಲರಿ ಕೂರಿಸುತ್ತಾರೆ, ತಲೆ ಎತ್ತುವುದಿಲ್ಲ.

ಶನಿವಾರ ಬೆಳಗ್ಗೆ ಕಾರ್ಮಿನ್ ಸ್ಟಿಯರಿಂಗ್ ಹಿಡಿದಿದ್ದಾರೆ. ಹಿಂದೆ ನಿಜವಾದ ತಿಂಡಿ, ಕ್ಯಾಬಿನ್ ತುಂಬ ಸಾಂಬಾರಿನ ಘಮ. ಐದು ಮೂವತ್ತೈದಕ್ಕೆ ಏರು ಬರುತ್ತದೆ. ಖಾಲಿ ಕ್ಯಾಂಪು, ನೀಲಿ ಅಂಗಿ. ಪೈಪು ದುಂಡಗಿದೆ, ಎಂಜಿನ್ ಒಂದೇ ಸಮ ಉಸಿರಾಡುತ್ತಿದೆ. ಸರಿಯಾಗಿ ಅದೇ ಜಾಗದಲ್ಲಿ ಗಾಡಿ ನಿಧಾನವಾಗುತ್ತದೆ, ನಿಲ್ಲುತ್ತದೆ, ಸದ್ದೂ ಅಡಗುತ್ತದೆ. ಕೊಗ್ಗಣ್ಣ ಆಗಲೇ ಬಾಗಿಲಿಗೆ ಕೈ ಹಾಕಿದ್ದಾರೆ.

“ಹೆದರಬೇಡಿ ಕೊಗ್ಗಣ್ಣ, ಇವತ್ತು ನಿಲ್ಲಿಸಿದ್ದು ನಾನು,” ಎನ್ನುತ್ತಾರೆ ಕಾರ್ಮಿನ್. ಇಳಿದು, ರಸ್ತೆಯ ಅಂಚಿನಲ್ಲಿ ಒಂದು ಕಲ್ಲಿನಡಿ ಆ ಬಟ್ಟೆಯನ್ನು ಮಡಚಿಟ್ಟು, ಒಂದು ನಿಮಿಷ ನಿಂತು ಬರುತ್ತಾರೆ. ಕೀಲಿ ತಿರುಗಿಸುತ್ತಾರೆ. ಗಾಡಿ ಏರು ಹತ್ತುತ್ತದೆ. ಆರಕ್ಕೆ ಹತ್ತು ನಿಮಿಷವಿರುವಾಗ ಗುಡ್ಡದಾಚೆಯ ಕ್ಯಾಂಪಿನ ಗೇಟು ತೆರೆಯುತ್ತದೆ. ಸೂಪರ್‌ವೈಸರ್ ಗಡಿಯಾರ ನೋಡಿ ರಿಜಿಸ್ಟರಿಗೆ ಸಹಿ ಹಾಕುತ್ತಾನೆ.

ತಿಂಡಿಯ ಪಾತ್ರೆಗಳು ಇಳಿಯುವಾಗ ಕೊಗ್ಗಣ್ಣನ ಫೋಟೋ ತೆಗೆಯಲು ಮೊಬೈಲ್ ಎತ್ತುತ್ತೇನೆ. ಅವರು ಗ್ರೀಸಿನ ಕೈ ಅಡ್ಡ ಹಿಡಿಯುತ್ತಾರೆ. “ಫೋಟೋ ಬೇಡ ಮಾರಾಯ್ರೆ. ಸಾಯುವ ಮೊದಲು ಸ್ಟ್ಯಾನ್ಲಿ ಮೂರು ಸಲ ಬಂದಿದ್ದ. ‘ಅದೇ ಜಾಗದಲ್ಲಿ ನಿಲ್ತದೆ ಕೊಗ್ಗಣ್ಣ, ಒಮ್ಮೆ ಬಂದು ನೋಡಿ’ ಅಂತ ಹೇಳಿದ್ದ. ನಾನು ಮೂರು ಸಲವೂ ಫಿಲ್ಟರ್ ಹಾಕಿ ಕಳಿಸಿದೆ. ಒಂದು ಸಲವೂ ಅವನ ಜೊತೆ ಬರಲಿಲ್ಲ. ಬರೆಯುವುದಾದರೆ ಅದನ್ನು ಬರೀರಿ, ಅಷ್ಟು ಸಾಕು.”