ಗಲಾಯ್‌ನ ಎಡಗೈ

ಗಾಜಿನ ಮೇಲೆ ಚಿತ್ರ ಬರೆಯುವವರದು ಎಲ್ಲವೂ ಹಿಂದುಮುಂದು. ಬೇರೆಯವರು ಕೊನೆಗೆ ಮಾಡುವುದನ್ನು ಅವರು ಮೊದಲು ಮಾಡಬೇಕು. ಕಣ್ಣಿನ ಗೆರೆ, ಕಿವಿಯ ಓಲೆ, ಮೂಲೆಯ ಸಹಿ ಮೊದಲು. ಮೈಬಣ್ಣ ಆಮೇಲೆ, ಆಕಾಶ ಎಲ್ಲಕ್ಕೂ ಕೊನೆಗೆ. ಬರೆಯುವುದು ಗಾಜಿನ ಬೆನ್ನಿಗೆ, ನೋಡುವುದು ಮುಂದಿನಿಂದ. ಹಾಗಾಗಿ ಫೋಟೊವನ್ನು ನೇರವಾಗಿ ಗಾಜಿನಡಿ ಇಟ್ಟು ಗೆರೆ ಎಳೆದರೆ ಎಡಗೈ ಬಲಗೈ ಆಗಿಬಿಡುತ್ತದೆ. ಮೊದಲು ತೆಳು ಕಾಗದಕ್ಕೆ ಇಳಿಸಿ, ಆ ಕಾಗದವನ್ನು ಮಗುಚಿ, ಅದರ ಮೇಲೆ ಗಾಜಿಡಬೇಕು. ಡಕಾರ್ ಹತ್ತಿರದ ರುಫಿಸ್ಕ್ ಊರಿನ ಕಿನೆ ದಿಯೋಪ್‌ಗೆ ಇದನ್ನು ಕಲಿಸಿದವನು ಅವಳ ಅಪ್ಪ. "ಮಗುಚಿದ್ಯೇನೇ?" ಎಂದು ದಿನಕ್ಕೆ ಹತ್ತು ಸಲ ಕೇಳಿ ಅವಳ ಪ್ರಾಣ ತಿನ್ನುತ್ತಿದ್ದ.

ಹಾಗೆ ಕೇಳುವವನು ಹೋದಮೇಲೆ ಅವಳು ಒಬ್ಬಳೇ ಕೂತು ಬರೆದ ಮೊದಲ ಚಿತ್ರ ಕ್ಷೌರಿಕ ಗಲಾಯ್‌ನದು. ಅವನೂ ಅದೇ ವರ್ಷ ತೀರಿಕೊಂಡಿದ್ದ. ಎಡಚ ಅವನು. ಊಟ ಮಾತ್ರ ಬಲಗೈಯಲ್ಲಿ, ಕತ್ತರಿ ಎಡಗೈಯಲ್ಲಿ. "ಕಿವಿ ಉಳಿಸಪ್ಪಾ" ಎಂದು ರೇಗಿಸದೆ ಅವನ ಕುರ್ಚಿಯಲ್ಲಿ ಕೂತವರೇ ಇಲ್ಲ. ಹೆಂಡತಿ ಸೇನಾಬು ಕೊಟ್ಟ ಫೋಟೊದಲ್ಲೂ ಕತ್ತರಿ ಎಡಗೈಯಲ್ಲೇ ಇತ್ತು. ಕಿನೆ ಐದು ದಿನ ಕೂತು, ಅಂಗಿಯ ಒಂದೊಂದು ಹೂವನ್ನೂ ಬಿಡದೆ ಬರೆದಳು. ಸುತ್ತಿದ್ದ ಬಟ್ಟೆ ಬಿಚ್ಚಿ ಸೇನಾಬು ಚಿತ್ರವನ್ನು ಎತ್ತಿ ಹಿಡಿದಾಗ ಕಿನೆ ಮೊದಲ ಬಾರಿ ಅದನ್ನು ಮುಂದಿನಿಂದ, ದೂರದಿಂದ ನೋಡಿದಳು. ಕತ್ತರಿ ಬಲಗೈಯಲ್ಲಿತ್ತು. ಕಾಗದವನ್ನು ಮಗುಚಿರಲಿಲ್ಲ.

ಸೇನಾಬು ಚಿತ್ರವನ್ನು ಗೋಡೆಗೆ ಒರಗಿಸಿ, "ಅಂಗಿ ಚೆನ್ನಾಗಿ ಬಂದಿದೆ, ಮಗಳೇ" ಎಂದಳು. ಕಿನೆ ಬಾಯಿ ಬಿಡಬೇಕಿತ್ತು, ಬಿಡಲಿಲ್ಲ. ಅಂದಿನಿಂದ ಮೂವತ್ತೊಂದು ವರ್ಷ, ಅದೇ ಓಣಿಯಲ್ಲಿ ಆರು ಬಾಗಿಲು ಆಚೆ ಇದ್ದುಕೊಂಡು, ಆ ಮನೆಯ ಹೊಸ್ತಿಲು ದಾಟಲಿಲ್ಲ. ಹಬ್ಬಕ್ಕೆ ಮಾಂಸದ ಪಾಲು ಕೊಡಲು ಹೋದರೂ ಬಾಗಿಲಲ್ಲೇ ನಿಂತು, "ಒಲೆ ಮೇಲೆ ಅನ್ನ ಇದೆ ಅವ್ವಾ" ಎಂದು ತಿರುಗುತ್ತಿದ್ದಳು. ಅಷ್ಟು ವರ್ಷ ಬೇಯುವ ಅನ್ನ ಯಾವುದೋ!

ಈ ನಡುವೆ ಅವಳ ಕೈ ಪಳಗಿತು. ಓಣಿಯಲ್ಲಿ ಅವಳ ಗಾಜಿಲ್ಲದ ಮನೆ ಇಲ್ಲ ಎನ್ನುವಂತಾಯಿತು. ಮದುವಣಗಿತ್ತಿಯರು, ಕುಸ್ತಿಪಟುಗಳು, ಮೆಕ್ಕಾಗೆ ಹೋಗಿಬಂದ ಅಜ್ಜಂದಿರು, ಒಂದು ಮನೆಯಲ್ಲಂತೂ ಬಹುಮಾನ ಗೆದ್ದ ಟಗರು. ಈ ವರ್ಷ ಓಣಿಯ ಸಂಘದ ರೋಖಾಯ ನ್ಜಾಯ್ ಬಂದು ಕೂತಳು.

"ಎಲ್ಲರ ಮನೆಯಿಂದಲೂ ನಿನ್ನ ಚಿತ್ರ ತಂದು ಒಂದಿಡೀ ದಿನ ಓಣಿ ಗೋಡೆಗೆ ಹಾಕ್ತೀವಿ, ಅತ್ತೆ. ಡಕಾರ್‌ನಲ್ಲಿ ಸತ್ತೋರಿಗೆ ಮಾಡ್ತಾರೆ. ನೀನು ಬದುಕಿರುವಾಗ್ಲೇ ಮಾಡೋಣ ಅಂತ."

"ಅನ್ನ ಎಷ್ಟು ಬೇಯಿಸ್ತೀಯ?"

"ನೋಡಿದ್ಯಾ! ದಿಯೋಪ್‌ಗಳಿಗೆ ಗೋರಿಯೊಳಗಿಂದ್ಲೂ ತಪ್ಪಲೆ ಸದ್ದು ಕೇಳ್ಸುತ್ತೆ."

"ನ್ಜಾಯ್‌ಗಳು ಬಡಿಸೋದು ನೆಟ್ಟಗೆ ಕಲಿತಿದ್ರೆ ನಾವ್ಯಾಕೆ ಕೇಳ್ತಿದ್ವಿ? ಹೋಗೇ."

ದಿಯೋಪ್, ನ್ಜಾಯ್ ಮನೆತನದವರು ಹೀಗೆ ಒಬ್ಬರನ್ನೊಬ್ಬರು ಹೊಟ್ಟೆಬಾಕರೆಂದು ರೇಗಿಸುವುದು ಅಲ್ಲಿನ ಹಳೆಯ ವಾಡಿಕೆ. ಇಬ್ಬರೂ ನಕ್ಕರು. ಆದರೆ ಅವಳು ಹೋದಮೇಲೆ ಕಿನೆಗೆ ಹೊಳೆಯಿತು. ಎಲ್ಲರ ಮನೆಯಿಂದ ಎಂದರೆ ಸೇನಾಬು ಮನೆಯಿಂದಲೂ. ತನ್ನನ್ನು ಮೆರೆಸುವ ದಿನವೇ ಬಲಗೈ ಗಲಾಯ್ ಊರ ಮುಂದೆ ಬಂದು ನಿಲ್ಲುತ್ತಾನೆ. ಮುದುಕಿಯ ಗಂಡನ ಚಿತ್ರವನ್ನೇ ಕೆಡಿಸಿಕೊಟ್ಟವಳು ಎಂದು ಹಳಬರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಬೇಕಾದ್ದೇ.

ಹಳೆಯ ಫೋಟೊದಿಂದ ಗೆರೆ ಇಳಿಸಿದ್ದ ತೆಳು ಕಾಗದ ಪೆಟ್ಟಿಗೆಯಲ್ಲಿ ಇನ್ನೂ ಇತ್ತು. ಈ ಸಲ ಮಗುಚಿದಳು. ಮಗುಚಿದ್ದೇನೆಯೇ ಎಂದು ನಾಲ್ಕು ಸಲ ನೋಡಿಕೊಂಡಳು. ಅದೇ ಹೂವಿನ ಅಂಗಿ, ಎಡಗೈಯಲ್ಲಿ ಕತ್ತರಿ. ಪ್ರದರ್ಶನದ ಹಿಂದಿನ ದಿನ ಬೆಳಿಗ್ಗೆ ಅದನ್ನು ಹೊತ್ತು ಸೇನಾಬುವಿನ ಹೊಸ್ತಿಲಲ್ಲಿ ನಿಂತಳು.

"ಅವ್ವಾ, ಆ ಹಳೇದು ಕೊಟ್ಟು ಇದನ್ನ ಇಟ್ಕೊ."

ಎಂಬತ್ತರ ಮುದುಕಿ ಚಿತ್ರವನ್ನು ಮೂಗಿನ ಹತ್ತಿರ ಹಿಡಿದು ನೋಡಿದಳು. "ಕೈ ಪಳಗಿದೆ. ಆದ್ರೆ ಇವನ್ಯಾರೋ ಹೊಸಬ, ನನಗೆ ಪರಿಚಯ ಇಲ್ಲ. ತಗೊಂಡು ಹೋಗು. ನಾಳೆ ನನ್ನವನನ್ನ ನಾನೇ ಕರ್ಕೊಂಡು ಬರ್ತೀನಿ."

ಕಿನೆಗೆ ಆ ದಿನ ಮೀನನ್ನವೂ ಸೇರಲಿಲ್ಲ.

ಮರುದಿನ ಓಣಿಯ ಎರಡೂ ಕಡೆ ಗಾಜುಗಳು ಬಿಸಿಲಿಗೆ ಮಿನುಗುತ್ತಿದ್ದವು. ತಮ್ಮ ತಮ್ಮ ಅಜ್ಜಂದಿರ ಮುಂದೆ ನಿಂತು ಜನ ಜಗಳವಾಡುತ್ತಿದ್ದರು. ಟಗರಿನ ಮುಂದೆ ಎಲ್ಲಕ್ಕಿಂತ ಹೆಚ್ಚು ಗುಂಪಿತ್ತು. ಅಷ್ಟರಲ್ಲಿ ಸೇನಾಬು ಬಂದಳು. ಅವಳ ಕಂಕುಳಲ್ಲಿ ಆ ಚಿತ್ರ. ಹಿಂದೆ ಇಬ್ಬರು ಮೊಮ್ಮಕ್ಕಳು ಗಲಾಯ್‌ನ ಅಂಗಡಿಯ ಕನ್ನಡಿಯನ್ನೂ ಕ್ಷೌರದ ಕುರ್ಚಿಯನ್ನೂ ಹೊತ್ತಿದ್ದರು. ಚಿತ್ರ ಒಂದು ಗೋಡೆಗೆ, ಕನ್ನಡಿ ಎದುರು ಗೋಡೆಗೆ. ನಡುವೆ ಕುರ್ಚಿ, ಕನ್ನಡಿಗೆ ಮುಖ ಮಾಡಿ.

"ಕೂತ್ಕೊಳ್ಳೇ ಕಿನೆ."

ಕಿನೆ ಕೂತಳು. ಕನ್ನಡಿಯಲ್ಲಿ ಅವಳ ತಲೆಯ ಹಿಂದೆ ಗಲಾಯ್ ನಿಂತಿದ್ದ. ಕತ್ತರಿ ಎಡಗೈಯಲ್ಲಿತ್ತು.

"ನೀನು ತಂದುಕೊಟ್ಟ ಮರುದಿನವೇ ಅಂಗಡಿ ಕನ್ನಡಿ ತಂದು ಎದುರಿಗೆ ಹಾಕ್ದೆ" ಎಂದಳು ಸೇನಾಬು. "ದಿನಾ ಬೆಳಿಗ್ಗೆ ಹಿಂಗೇ ಕೂತು ಅವನ ಹತ್ರ ಮಾತಾಡ್ತೀನಿ. ಒಳಗೆ ಬಂದಿದ್ರೆ ನೀನೂ ನೋಡ್ತಿದ್ದೆ. ಬಂದ್ಯಾ? ಅನ್ನ ಬೇಯ್ತಿತ್ತು ನಿಂಗೆ!"

"ಅವತ್ತೇ ಯಾಕೆ ಹೇಳ್ಲಿಲ್ಲ ಅವ್ವಾ?"

"ನಿಮ್ಮಪ್ಪ ಹೋಗಿ ನಲವತ್ತು ದಿನ ಆಗಿತ್ತು. ಹೇಳಿದ್ರೆ ಮತ್ತೆ ಕುಂಚ ಹಿಡೀತಿದ್ಯಾ?" ಮುದುಕಿ ಓಣಿಯುದ್ದಕ್ಕೂ ಗಾಜುಗಳ ಕಡೆ ಕೈ ಬೀಸಿದಳು. "ಇಷ್ಟೂ ಹೋಗ್ತಿತ್ತು. ಆ ಟಗರೂ ಸೇರಿ."

ಜನ ನಕ್ಕರು. ಕಿನೆ ನಗಲು ಹೋಗಿ ಅತ್ತಳು, ಬಾಯಿ ತೆರೆದು, ಮಕ್ಕಳ ಹಾಗೆ. ಮುದುಕಿ ಅವಳ ನೆತ್ತಿಯ ಮೇಲೆ ಕೈಯಿಟ್ಟಳು.

ಕಣ್ಣೊರೆಸಿಕೊಂಡು ಮತ್ತೆ ಕನ್ನಡಿ ನೋಡಿದಾಗ ಚಿತ್ರದ ಮೂಲೆ ಕಂಡಿತು. ಅಂದು ಕಾಗದ ಮಗುಚಲು ಮರೆತಿದ್ದರೂ ತನ್ನ ಹೆಸರನ್ನು ಮಾತ್ರ ಮರೆಯದೆ, ಮುಂದಿನಿಂದ ನೇರ ಕಾಣುವಂತೆ ತಿರುಗಿಸಿ ಬರೆದಿದ್ದಳು. ಈಗ ಕನ್ನಡಿಯಲ್ಲಿ ಗಲಾಯ್‌ನ ಅಂಗಿ, ಕತ್ತರಿ, ಕೈ ಎಲ್ಲವೂ ಸರಿಯಾಗಿದ್ದವು. ತಿರುಗುಮುರುಗಾಗಿದ್ದದ್ದು ಅವಳ ಹೆಸರೊಂದೇ.