ಕಿಟ್ಟಣ್ಣನ ದೋಣಿಗೆ ಬಾರದ ಬುಕ್ಕಿಂಗ್

ನಮ್ಮ ನೆರೆಮನೆಯ ಕಿಟ್ಟಣ್ಣ ಮಲ್ಪೆಯಲ್ಲಿ ಮೀನಿಗೆ ಹೋಗುತ್ತಿದ್ದವರು. ಬೆನ್ನುನೋವು ಹೆಚ್ಚಾದ ಮೇಲೆ ಬಲೆ ಮಾರಿ, ಪ್ರವಾಸಿಗರನ್ನು ದ್ವೀಪಕ್ಕೆ ಕರೆದೊಯ್ಯುವ ದೋಣಿ ಮಾಡಿಕೊಂಡರು. ಅದೂ ನಿಂತರೆ ಅವರಿಗೆ ಬೇರೆ ಕೆಲಸವಿರಲಿಲ್ಲ.

೨೦೦೯ರಲ್ಲಿ ದೋಣಿಯವರೆಲ್ಲ ಸೇರಿ ಇಂಟರ್ನೆಟ್ ಬುಕ್ಕಿಂಗ್ ಮಾಡಿಸಿದರು. ಜನ ತಮ್ಮೂರಲ್ಲೇ ಕುಳಿತು ಸೀಟು ಹಿಡಿಯಬಹುದು. ಯಾರು ಯಾವ ದೋಣಿಗೆ ಎಂಬುದನ್ನು ಕಂಪ್ಯೂಟರೇ ಗೊತ್ತುಮಾಡುತ್ತದೆ. ಟಿಕೆಟ್ ಕೋಣೆಯಲ್ಲಿ ಅದನ್ನು ನೋಡಿಕೊಳ್ಳುವವಳು ತೃಪ್ತಿ.

ಆ ಡಿಸೆಂಬರಿನಲ್ಲಿ ಇನ್ನೊಬ್ಬ ದೋಣಿಯವ ಯಶ್ವಂತನ ದೋಣಿ ಬಿಡುವಿಲ್ಲದೆ ಓಡಿತು. ಕಿಟ್ಟಣ್ಣನ ದೋಣಿಗೆ ಸಿಕ್ಕಿದರೆ ಒಂದು ಸಣ್ಣ ಕುಟುಂಬ, ಇಲ್ಲದಿದ್ದರೆ ಅದೂ ಇಲ್ಲ. ಒಂದು ದಿನ ಯಶ್ವಂತ ಟಿಕೆಟ್ ಕಿಟಕಿಯೊಳಗೆ ಎಳನೀರು ಕೊಡುವುದನ್ನು ಕಿಟ್ಟಣ್ಣ ನೋಡಿದರು. ಅವತ್ತಿನಿಂದ ದೋಣಿ ಕಟ್ಟುವ ದಕ್ಕೆಯಲ್ಲಿ ಕುಳಿತು ಆ ಕಿಟಕಿಯನ್ನೇ ಕಾಯತೊಡಗಿದರು.

"ದೋಣಿ ಮಾರುವ," ಎಂದರು ಹೆಂಡತಿ ವಾರಿಜಕ್ಕ.

"ಮಾರಿದರೆ ಯಾರು ತಕ್ಕೊಳ್ಳುವುದು? ಅವನೇ. ಅದಕ್ಕೇ ಈ ಆಟ."

ಮರುದಿನ ಮಣಿಪಾಲದ ಹುಡುಗರ ಗುಂಪೊಂದು ಯಶ್ವಂತನ ದೋಣಿಯತ್ತ ನಡೆದಾಗ ಕಿಟ್ಟಣ್ಣ ನೇರ ಕಿಟಕಿಗೆ ಹೋದರು.

"ಯಶ್ವಂತ ಇದಕ್ಕೆ ಎಂತ ತಿನ್ನಿಸಿದ್ದಾನೆ ಮಾರಾಯ್ತಿ?"

"ಕಂಪ್ಯೂಟರಿಗಾ? ನಿನ್ನೆ ಬಂಗುಡೆ ಸಾರು ಕೊಟ್ಟ," ಎಂದಳು ತೃಪ್ತಿ. ಅವರು ನಗದಿದ್ದಾಗ ಪರದೆಯನ್ನು ಈಚೆಗೆ ತಿರುಗಿಸಿದಳು. "ನೋಡಿ ಕಿಟ್ಟಣ್ಣ, ನಿಮ್ಮ ದೋಣಿಗೆ ಹತ್ತು ಜನ ಅಂತ ಉಂಟು. ಈ ಹುಡುಗರು ಹದಿನೆಂಟು. ಒಂದು ಗುಂಪನ್ನು ಇದು ಒಡೆಯುವುದಿಲ್ಲ."

"ಹತ್ತು ಅಂತ ಹಾಕಿದ್ದು ಯಾರು?"

"ಹೇಳಿದ್ದು ನೀವೇ ಅಲ್ವಾ?"

ಅದು ನಿಜವಾಗಿತ್ತು. ದೋಣಿಯಲ್ಲಿ ಇಪ್ಪತ್ತೈದು ಜನ ಕೂರಬಹುದು. ಆದರೆ ತೃಪ್ತಿ ಅದನ್ನು ಕೇಳಿ ಬರೆದುಕೊಳ್ಳುವಾಗ ಯಶ್ವಂತ ಪಕ್ಕದಲ್ಲೇ ನಿಂತಿದ್ದ. ಎಷ್ಟು ಮೀನು ಬಿತ್ತೆಂದು ಇನ್ನೊಬ್ಬ ದೋಣಿಯವನ ಎದುರು ಮಲ್ಪೆಯಲ್ಲಿ ಯಾರೂ ಸರಿಯಾಗಿ ಹೇಳುವುದಿಲ್ಲ. ಹೇಳಿದರೆ ಮರುದಿನ ಅವನ ಬಲೆಯೂ ಅದೇ ಜಾಗದಲ್ಲಿ. ಹತ್ತು ಎಂಬುದು ಆ ಅಭ್ಯಾಸದಲ್ಲಿ ಬಂದ ಮಾತು.

"ಈಗ ಸರಿ ಎಷ್ಟು, ಹೇಳಿ."

ಕಿಟ್ಟಣ್ಣ ಹಿಂದೆ ನೋಡಿದರು. ಯಶ್ವಂತ ಹಗ್ಗ ಬಿಚ್ಚುತ್ತಿದ್ದ. "ಅವನು ಹೋಗಲಿ."

"ನಿಮ್ಮ ದೋಣಿಯನ್ನು ನಾನು ದಿನಾ ನೋಡುವುದಿಲ್ವಾ?" ಎಂದ ಯಶ್ವಂತ.

ಅವನ ದೋಣಿ ದೂರ ಸಾಗಿದ ಮೇಲೆ ಕಿಟ್ಟಣ್ಣ ಕಿಟಕಿಯೊಳಗೆ ತಲೆ ಹಾಕಿ ಮೆಲ್ಲಗೆ ಹೇಳಿದರು: "ಇಪ್ಪತ್ತು."

ಮುಂದಿನ ಭಾನುವಾರ ಕಾರ್ಕಳದ ಇಪ್ಪತ್ತು ಜನರ ಗುಂಪೊಂದು ಅವರ ದೋಣಿಗೇ ಬಂತು. ಎಲ್ಲರೂ ಕುಳಿತ ಮೇಲೂ ಹಿಂದೆ ಜಾಗ ಉಳಿದಿತ್ತು.

"ಇನ್ನೂ ಐದು ಜನ ಹಿಡಿಯುತ್ತದಲ್ವಾ?" ಎಂದು ದಕ್ಕೆಯಿಂದ ಯಶ್ವಂತ ಕೇಳಿದ.

"ಹಿಡಿಯುವುದಿಲ್ಲ," ಎಂದು ಕಿಟ್ಟಣ್ಣ ಇಂಜಿನ್ ಚಾಲೂ ಮಾಡಿದರು.